ಹೊಳೆಯುವ ಸಲಿಕೆಗಳ ಪಕ್ಷ

ಬಹಳ ಹಿಂದೆ, ಸಮುದ್ರಕ್ಕಿಂತ ತಗ್ಗಿನಲ್ಲಿ ಒಂದು ರಾಜ್ಯವಿತ್ತು. ಅದನ್ನು ಕಾಯುತ್ತಿದ್ದದ್ದು ಒಂದು ಮಣ್ಣಿನ ಏರಿ. ಏಡಿಗಳು ಅದರಲ್ಲಿ ಬಿಲ ತೋಡುತ್ತಿದ್ದವು. ಹುಣ್ಣಿಮೆಯ ಉಬ್ಬರ ಏರುವ ಮುಂಚೆ ಮನೆಗೊಬ್ಬರು ಸಲಿಕೆ ಹಿಡಿದು ಹೋಗಿ ತಮ್ಮ ಪಾಲಿನ ಬಿಲಗಳಿಗೆ ಕೆಸರು ತುಂಬಿ ಬರುತ್ತಿದ್ದರು. ಅಜ್ಜಂದಿರ ಕಾಲದಿಂದ ನಡೆದುಬಂದ ಪಾಳಿ ಅದು.

ಬೆಣ್ಣೆ ವ್ಯಾಪಾರಿ ಭೈರುಂಡಯ್ಯನಿಗೆ ಕೆಸರೆಂದರೆ ಆಗದು. ಅವನ ರಾಜಕೀಯ ಹುಟ್ಟಿದ್ದೇ ಅಲ್ಲಿ. ನೆರೆರಾಜ್ಯದ ಸರ್ವಾಧಿಕಾರಿಯ ಸಲಿಕೆ ಹೊತ್ತ ದಳದ ಕವಾಯತು ನೋಡಿ ಬಂದವನೇ ಕರಿ ಅಂಗಿ ಹೊಲಿಸಿ 'ನೆಟ್ಟನೆಯ ಪಕ್ಷ' ಕಟ್ಟಿದ. ಸದಸ್ಯರೆಲ್ಲ ಅವನ ಭಾವಮೈದುನರು. ಚುನಾವಣೆಯಲ್ಲಿ ಅವರೂ ಬೇರೆಯವರಿಗೆ ಓಟು ಹಾಕಿದರು.

ಹುಣ್ಣಿಮೆ ಬಂತು.

"ರೀ, ಇವತ್ತ ನಮ್ಮ ಪಾಳಿ ಐತಿ," ಎಂದಳು ಹೆಂಡತಿ ಚಂಪವ್ವ. "ಹಿತ್ತಲ ಹಿಂದಿನ ಏರಿ ಬಿಲದಾಗ ಮೊಣಕೈ ತನಕ ಕೈ ಹೋಗತೈತಿ."

"ಸಲಿಕಿ ರಾಷ್ಟ್ರದ ಆಯುಧ. ಅದಕ್ಕ ಕೆಸರು ಹಚ್ಚೂದು ದ್ರೋಹ!"

"ಹಂಗಾರ ಕೈಲೆ ತುಂಬ್ರಿ."

ಭೈರುಂಡಯ್ಯ ಏರಿಗೆ ಹೋಗಲಿಲ್ಲ, ಅರಮನೆಗೆ ಹೋದ. ಭಾವಮೈದುನರು ಉಜ್ಜಿದ ಸಲಿಕೆಗಳನ್ನು ಹೆಗಲಿಗೇರಿಸಿ ಸಾಲಾಗಿ ನಡೆದರು. ಒಂದೊಂದು ಸಲಿಕೆಯಲ್ಲೂ ಸುಖಸೇನ ಮಹಾರಾಜರಿಗೆ ತಮ್ಮದೇ ಮುಖ ಕಂಡಿತು.

"ಆಹಾ, ಎಷ್ಟೊಂದು ನಾವು!"

"ಪ್ರಭೂ, ಮನೆಗೊಂದು ಸಲಿಕೆಯಿದೆ. ಅಪ್ಪಣೆಯಾದರೆ ಮನೆಮನೆಗೂ ತಾವೇ."

ಕೂಡಲೇ 'ಆತ್ಮಗೌರವ ಯೋಜನೆ, ಮೊದಲ ಹಂತ' ಜಾರಿಗೆ ಬಂತು. ಏರಿಗೆ ಹೊರಟಿದ್ದ ಜನರನ್ನೆಲ್ಲ ದಾರಿಯಲ್ಲೇ ತಡೆದು, ಸಲಿಕೆ ಉಜ್ಜಿಸಿ, ಅರಮನೆಯ ಮೈದಾನದಲ್ಲಿ ಮಹಾರಾಜರೆದುರು ನಿಲ್ಲಿಸಿದರು.

ಉಬ್ಬರ ಏರತೊಡಗಿತು. ಭೈರುಂಡಯ್ಯನಿಗೆ ಹಿತ್ತಲ ಹಿಂದಿನ ಬಿಲ ನೆನಪಾಯಿತು. ಈಗಲೂ ಜನರನ್ನು ಅತ್ತ ಓಡಿಸಿದರೆ ಏರಿ ಉಳಿದೀತು. ಆದರೆ ಪಾಳಿ ತಪ್ಪಿಸಿದವನು ಯಾರೆಂದು ಗೊತ್ತಾಗಿಬಿಡುತ್ತದೆ. ಅವನು "ಎಡ, ಬಲ" ಎಂದು ಇನ್ನೂ ಗಟ್ಟಿಯಾಗಿ ಕೂಗಿದ.

ನೀರು ಮೊದಲು ಕಾಲ್ಬೆರಳಿಗೆ ಬಂತು. ಆಮೇಲೆ ಮೊಣಕಾಲಿಗೆ.

"ಇದೇನಿದು?" ಎಂದರು ಮಹಾರಾಜರು.

"ಸಮುದ್ರರಾಜ ಶರಣಾಗಿದ್ದಾನೆ, ಪ್ರಭೂ. ಪಾದ ತೊಳೆಯಲು ಬಂದಿದ್ದಾನೆ."

ಮಹಾರಾಜರು ನಿಂತ ನೀರಿನಲ್ಲೇ ಅವನಿಗೆ ಪೇಟ ತೊಡಿಸಿ ಜಲಮಂತ್ರಿ ಮಾಡಿದರು. ದೂರದ ಸೂರಿನ ಮೇಲಿಂದ ಚಂಪವ್ವನ ದನಿ ಕೇಳಿಸಿತು: "ಮಂತ್ರಿಗಳೆ, ಬೆಣ್ಣಿ ಗಡಿಗಿ ಅತ್ತಾಗ ತೇಲಿ ಹೊಂಟಾವು, ಹಿಡೀರಿ!"

ಮಂತ್ರಿಗೆ ದೋಣಿ ಮಂಜೂರಾಯಿತು, ಹುಟ್ಟು ಮಂಜೂರಾಗಲಿಲ್ಲ. ಜನ ತಮ್ಮ ತಮ್ಮ ಸಲಿಕೆಗಳಿಂದಲೇ, ತಮ್ಮ ತಮ್ಮ ಮುಳುಗಿದ ಹೊಲಗಳ ಮೇಲೆ, ಪಾಳಿಯ ಪ್ರಕಾರ ಅವನ ದೋಣಿ ನಡೆಸಿದರು. ಉಪ್ಪುನೀರಿಗೆ ಸಲಿಕೆ ತುಕ್ಕು ಹಿಡಿದರೆ ದಂಡ.