ಹೊಗೆ ಕಾಣಕೂಡದ ದಿನ

ಬೆಂಕಿಕಡ್ಡಿ ಗೀರಿ ಒಲೆಯ ಬಾಯಿಗೆ ಹಿಡಿಯುವಷ್ಟರಲ್ಲಿ ಹಿಮ ಬೀಳುವ ಚಳಿನಾಡಿನ ಕೊಯ್ಹಾಯ್ಕೆ ಊರಿನ ರೇಡಿಯೋ ಹೇಳಿತು: ಗಾಳಿ ತೀರಾ ಕೆಟ್ಟಿದೆ, ಇವತ್ತು ಯಾವ ಮನೆಯ ಚಿಮಣಿಯಿಂದಲೂ ಹೊಗೆ ಕಾಣಕೂಡದು, ಕಂಡರೆ ದಂಡ. ಸಂಗೀತದ ಮೇಷ್ಟ್ರು ಎವರಿಸ್ತೊ ಮಾನ್ಸಿಯಾ ಕಡ್ಡಿಯನ್ನು ಉಫ್ ಎಂದು ಆರಿಸಿದ.

ಒಬ್ಬನೇ ಆಗಿದ್ದರೆ ಹೇಗೋ ನಡೆಯುತ್ತಿತ್ತು. ಆದರೆ ಅವನ ತಾಯಿ ಫಿಲೋಮೆನಾ ಶ್ವಾಸದ ಕಾಯಿಲೆಯಿಂದ ಆಸ್ಪತ್ರೆ ಸೇರಿ ಈಗಷ್ಟೇ ಮನೆಗೆ ಬಂದಿದ್ದಳು. ಡಾಕ್ಟರು ಎರಡು ಮಾತು ಹೇಳಿ ಕಳಿಸಿದ್ದರು: ಬೆಚ್ಚಗಿಡಿ, ಹೊಗೆ ಸೋಕಿಸಬೇಡಿ. ಸೌದೆ ಒಲೆಯೊಂದೇ ಇರುವ ಮನೆಯಲ್ಲಿ ಈ ಎರಡು ಮಾತು ಸವತಿಯರ ಹಾಗೆ. ಒಂದನ್ನು ಒಲಿಸಿದರೆ ಇನ್ನೊಂದು ಮುನಿಯುತ್ತದೆ.

ಅಟ್ಟದ ಮೇಲಿದ್ದ ಹಳೇ ಕರೆಂಟ್ ಹೀಟರನ್ನು ಇಳಿಸಿ ಪ್ಲಗ್ ಚುಚ್ಚಿದ. ಬೀದಿಯವರೆಲ್ಲ ಅದನ್ನೇ ಮಾಡಿದ್ದರೋ ಏನೋ, ಟಪ್ ಎಂದು ಇಡೀ ಬೀದಿಯ ಕರೆಂಟೇ ಹೋಯಿತು.

ಎದುರು ಮನೆಯ ಕುಸ್ತೋದಿಯೊ ಬಾಗಿಲು ಬಡಿದ. ಒಂದು ಕಾಲದಲ್ಲಿ ಲಾರಿ ಓಡಿಸಿದವನು; ಈಗ ಸೋರೆ ಬುರುಡೆ ಹಿಡಿದು ‘ಮಾತೆ’ ಎಂಬ ಎಲೆಯ ಕಷಾಯ ಹೀರುತ್ತಾ ಬೀದಿಯವರ ಬದುಕು ಓಡಿಸುವುದೇ ಕೆಲಸ.

"ಮೇಷ್ಟ್ರೇ, ನಮ್ಮನೇಲಿ ಗ್ಯಾಸ್ ಹೀಟರ್ ಇದೆ. ಅಮ್ಮನ್ನ ಕಳಿಸಿಕೊಡಿ."

"ನಮ್ಮಮ್ಮನ್ನ ಹೇಗೆ ನೋಡ್ಕೋಬೇಕು ಅಂತ ನನಗೆ ಗೊತ್ತು."

"ಗೊತ್ತಿದ್ರೆ ಸರಿ. ಒಲೆ ಗಿಲೆ ಹಚ್ಚೀರಾ ಮತ್ತೆ! ನಿಮ್ಮ ಚಿಮಣಿ ನನ್ನ ಕಿಟಕಿಗೆ ನೇರ."

"ಹೋಗಿದ್ರೆ ಆಗ್ತಿತ್ತು," ಎಂದಳು ಕೌದಿಯೊಳಗಿಂದ ಫಿಲೋಮೆನಾ. ಎವರಿಸ್ತೊ ಆಗಲೇ ಬಾಗಿಲು ಹಾಕಿಕೊಂಡಿದ್ದ.

ಮಧ್ಯಾಹ್ನದ ಹೊತ್ತಿಗೆ ಅವನ ಬೆರಳು ಗಿಟಾರಿನ ತಂತಿ ಒತ್ತಲಾರದಷ್ಟು ಮರಗಟ್ಟಿದವು. ಕಾಲ್ಬೆರಳು ಇದೆಯೋ ಇಲ್ಲವೋ ಎಂದು ಬಗ್ಗಿ ನೋಡಿಕೊಂಡ. ಆಮೇಲೆ ತಾಯಿಯ ಕಡೆ ನೋಡಿ, "ಪಾಪ, ಮುದುಕಿ ಇದನ್ನ ತಡಕೊಳ್ಳೋದು ಹೇಗೆ?" ಎಂದುಕೊಂಡ. ಒಣ ಸೌದೆಯಾದರೆ ಹೊಗೆ ಅಷ್ಟಾಗಿ ಏಳುವುದಿಲ್ಲ, ಅದೂ ನಾಲ್ಕೇ ತುಂಡು. ಯಾರಿಗೆ ಗೊತ್ತಾದೀತು?

ಹಚ್ಚಿಯೇ ಬಿಟ್ಟ.

ಸೌದೆ ಮೇಲೆ ಮಾತ್ರ ಒಣಗಿತ್ತು, ಒಳಗೆಲ್ಲ ಹಿಮದ ನೀರು. ಸುಯ್ ಸುಯ್ ಎಂದು ಅತ್ತಿತು. ಚಿಮಣಿಯಿಂದ ಹೊಗೆ ಮದುವೆ ದಿಬ್ಬಣದ ಹಾಗೆ ಗತ್ತಿನಿಂದ ಹೊರಟಿತು. ಅರ್ಧ ದಿಬ್ಬಣ ದಾರಿ ತಪ್ಪಿ ಮನೆಯೊಳಗೇ ಉಳಿಯಿತು. ಫಿಲೋಮೆನಾ ಕೆಮ್ಮುತ್ತಾ ಕೌದಿಯನ್ನು ತಲೆಯ ಮೇಲೆ ಎಳೆದುಕೊಂಡಳು. "ಈಗ ಬೆಚ್ಚಗಾಗುತ್ತಮ್ಮಾ, ತಾಳು," ಎಂದ ಎವರಿಸ್ತೊ, ಒಲೆಗೆ ಇನ್ನೂ ಹತ್ತಿರ ಕುರ್ಚಿ ಎಳೆದುಕೊಂಡು.

ಅಂಗೈ ಬಿಸಿಯಾಗುವಷ್ಟರಲ್ಲಿ ಬೀದಿಯ ತಿರುವಿನಲ್ಲಿ ಆರೋಗ್ಯ ಇಲಾಖೆಯ ಜೀಪು! ಗಾಬರಿಯಲ್ಲಿ ಬಕೆಟ್ ನೀರನ್ನು ಒಲೆಗೆ ಸುರಿದ. ಬೂದಿ, ಹಬೆ, ಹೊಗೆ ಮೂರೂ ಸೇರಿ ಅವನ ಮೇಲೇ ತಿರುಗಿಬಿದ್ದವು. ಬಾಗಿಲು ಕಿಟಕಿಗಳನ್ನೆಲ್ಲ ತೆರೆದು, ಮಸಿ ಮೋರೆಯಲ್ಲೇ ಬೀದಿಗೆ ಓಡಿ ಬಂದ. ಎದುರಿಗೆ ಕುಸ್ತೋದಿಯೊ ನಿಂತಿದ್ದ.

"ಚಾಡಿಕೋರ! ಕಾಯಿಲೆ ಮುದುಕಿಗೆ ಒಂದು ಹಿಡಿ ಬೆಂಕಿ ಮಾಡಿದ್ದಕ್ಕೆ ಫೋನ್ ಮಾಡಿದ್ಯಾ? ನಿನಗೆ ತಾಯಿ ಇರಲಿಲ್ವಾ?"

ಬೀದಿಯ ಕಿಟಕಿಗಳೆಲ್ಲ ತೆರೆದವು. ಜೀಪಿನಿಂದಿಳಿದ ತನಿಖಾಧಿಕಾರಿಣಿ, ಚಳಿಗೆ ಮೂಗು ಕೆಂಪಾದ ಹುಡುಗಿ, "ದೂರು ಕೊಟ್ಟವರ ಹೆಸರು ನಾವು ಹೇಳಲ್ಲ ಸಾರ್," ಎಂದಳು.

"ಹೇಳೋದೇನು, ಇವನೇ!"

"ಆ ಬಡಪಾಯಿಗೆ ಯಾಕೋ ಬಯ್ತೀಯ?" ಬಾಗಿಲಲ್ಲಿ ಕೌದಿ ಹೊದ್ದ ಫಿಲೋಮೆನಾ ನಿಂತಿದ್ದಳು, ಕೈಯಲ್ಲಿ ಮೊಬೈಲು. "ಫೋನ್ ಮಾಡಿದ್ದು ನಾನು."

ಎವರಿಸ್ತೊಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ. "ಅಮ್ಮಾ! ನಿನಗೋಸ್ಕರ ತಾನೇ ಹಚ್ಚಿದ್ದು?"

"ನನ್ನನ್ನ ಒಂದು ಮಾತು ಕೇಳಿದ್ಯಾ? ಚಳಿ ಆಗಿದ್ದು ನಿನಗೆ. ಹೆಸರು ಮಾತ್ರ ನಂದು ಹೇಳ್ದೆ." ಅವಳು ಉಸಿರು ತೆಗೆದುಕೊಳ್ಳಲು ನಿಂತಳು. "ಈ ಹೊಗೇಲೇ ನಿಮ್ಮನ್ನೆಲ್ಲ ಸಾಕ್ದೆ ಮಗಾ. ಆಗ ಯಾರೂ ಬೇಡ ಅನ್ನಲಿಲ್ಲ. ಈಗ ಸರ್ಕಾರವೇ ಬೇಡ ಅಂತಿದೆ. ಒಂದು ದಿನ ಸರಿಯಾಗಿ ಉಸಿರಾಡೋಣ ಅಂದ್ಕೊಂಡೆ."

ಹೌದಲ್ಲ ಎಂದು ಎವರಿಸ್ತೊಗೆ ಒಳಗೊಳಗೇ ಅನ್ನಿಸಿತು; ತೋಳಿನಿಂದ ಮೋರೆಯ ಮಸಿ ಒರೆಸಿಕೊಂಡ. ಹುಡುಗಿ ಅಷ್ಟೇ ವಿನಯದಿಂದ ದಂಡದ ಚೀಟಿ ಕೈಗಿತ್ತು ಜೀಪು ಹತ್ತಿದಳು.

ಕುಸ್ತೋದಿಯೊ ಬಂದು ಮುದುಕಿಯ ತೋಳು ಹಿಡಿದುಕೊಂಡ. "ಬನ್ನಿ ಅಮ್ಮಾ, ಹೀಟರ್ ಹತ್ತಿರ ಕೂತ್ಕೊಳ್ಳಿ. ಈರುಳ್ಳಿ ಹಾಕಿ ಕೋಳಿ ಸಾರು ಮಾಡಿದೀನಿ." ಎರಡು ಹೆಜ್ಜೆ ಹೋದವನು ತಿರುಗಿದ. ಅವನ ದನಿಯಲ್ಲಿ ಕುಹಕವೇ ಇರಲಿಲ್ಲ. ಅದೇ ಎವರಿಸ್ತೊಗೆ ಸಹಿಸಲಾಗದ್ದು.

"ನೀವೂ ಬನ್ನಿ ಮೇಷ್ಟ್ರೇ."

ಕಿಟಕಿಗಳು ಇನ್ನೂ ತೆರೆದೇ ಇದ್ದವು. ಬೀದಿಗೆ ಬೀದಿಯೇ ಅವನನ್ನು ನೋಡುತ್ತಿತ್ತು.

"ಬೇಡ ಬೇಡ," ಎಂದ ಎವರಿಸ್ತೊ, ಹಲ್ಲು ಕಟಕಟ ಎನ್ನುತ್ತಿದ್ದರೂ. "ನನಗೇನೂ ಚಳಿಯಿಲ್ಲ."