ಕೀಲಿಕೈ ಬಿಟ್ಟು ಹೋದ ಬಾಗಿಲು

'ಅಭೇದ್ಯ ಸುರಕ್ಷಾ ಬಾಗಿಲು' ಕಂಪನಿಯ ವ್ಯವಸ್ಥಾಪಕರ ಘನ ಸನ್ನಿಧಾನಕ್ಕೆ, ಮಹಾರಾಷ್ಟ್ರದ ಜತ್ತ ತಾಲೂಕಿನ ಡಫಳಾಪುರದಿಂದ ವಿದ್ಯಾವತಿಯ ಶರಣುಶರಣಾರ್ಥಿ.

ಮಾನ್ಯರೇ,

ತಾವೂ ತಮ್ಮ ಬೀಗಗಳೂ ಕ್ಷೇಮವೆಂದು ನಂಬಿದ್ದೇನೆ. ನಾವೂ ಇಲ್ಲಿ ಕ್ಷೇಮ. ತಮ್ಮ ಬಾಗಿಲಿನ ಕ್ಷೇಮಸಮಾಚಾರ ಮಾತ್ರ ತಿಳಿಸಲಾರೆ, ಏಕೆಂದರೆ ಅದು ಈಗ ನಮ್ಮಲ್ಲಿಲ್ಲ.

ಹಿಂದಿನ ಓಣಿಯ ಒಂದು ಮನೆಯಲ್ಲಿ ಹಾಡಹಗಲೇ ಕಳವಾದ ಸುದ್ದಿ ಕೇಳಿ, ನಮ್ಮ ಯಜಮಾನರಾದ ಮಲ್ಲಿನಾಥರು ಬೀಜ-ಗೊಬ್ಬರದ ಅಂಗಡಿ ಮುಚ್ಚಿಕೊಂಡು, ನನ್ನನ್ನೂ ಅತ್ತೆಯವರಾದ ಗೌರವ್ವನವರನ್ನೂ ಕರೆದುಕೊಂಡು ತಮ್ಮ ಮಳಿಗೆಗೆ ಬಂದದ್ದು ತಮಗೆ ನೆನಪಿರಬಹುದು. ತಮ್ಮವರು ಉಕ್ಕಿನ ಜಾಳಿಗೆಯ ಮೇಲೆ ಚಾಕು ಎಳೆದು ತೋರಿಸಿದರು, ಸುತ್ತಿಗೆಯಿಂದ ಬಡಿದು ತೋರಿಸಿದರು. ನಾವು ಮದುವೆಯ ಸೀರೆ ಆರಿಸುವವರಂತೆ ಬಳ್ಳಿಯದೋ ಚೌಕಳಿಯದೋ ಎಂದು ನಕ್ಷೆ ಆರಿಸುತ್ತ ಹೊತ್ತು ಕಳೆದೆವು. ಕೊನೆಗೆ ಯಜಮಾನರ ಮನಸ್ಸು, ಮುಂದೆ ಬಂದು ನಿಂತವರನ್ನು ತಾನೇ ಹಿಂದಿಯಲ್ಲಿ ಹೆಸರು ಮತ್ತು ಕೆಲಸ ಕೇಳುವ ಬಾಗಿಲಿನ ಮೇಲೆ ಹೋಯಿತು. ಅತ್ತೆಯವರು ವಿಚಾರಿಸಿದ್ದು ಒಂದೇ: "ಗಾಳಿ ಬರ್ತದೇನ್ರಿ?" ಬರುತ್ತದೆ ಎಂದಿರಿ. ಗಾಳಿ ಬಂತು. ಆ ಒಂದು ಮಾತಿಗೆ ತಾವು ತಪ್ಪಲಿಲ್ಲವೆಂದು ಎಲ್ಲರೆದುರು ಒಪ್ಪುತ್ತೇನೆ.

ಬಾಗಿಲು ಕೂಡಿಸಲು ತಮ್ಮ ಇಬ್ಬರು ಕೆಲಸಗಾರರು ಬಂದಾಗ ಅತ್ತೆಯವರು ಅಡ್ಡ ನಿಂತರು. "ಹೊಸ್ತಲಕ್ಕ ದಿನಾ ಅರಿಷಿಣ-ಕುಂಕುಮ ಹಚ್ಚಿ ಕೈ ಮುಗೀತೀವಿ. ಅದಕ್ಕ ತೂತ ಹಾಕಿದ್ರ ನಾ ಒಪ್ಪಂಗಿಲ್ಲ." ತಮ್ಮವರು ಹೊಸ್ತಿಲನ್ನೂ ಅದರ ಚೌಕಟ್ಟನ್ನೂ ಬಿಟ್ಟು, ಹೊರಗೋಡೆಗೆ, ಬೋಲ್ಟಿನ ತಲೆಗಳೆಲ್ಲ ಬೀದಿಗೆ ಕಾಣುವಂತೆ ಬಾಗಿಲನ್ನು ಬಿಗಿದು ಹೋದರು. ಗಿರಾಕಿಯ ಭಕ್ತಿಗೆ ಇಷ್ಟೊಂದು ಬೆಲೆ ಕೊಡುವ ಕಂಪನಿಯನ್ನು ನಾನು ಬೇರೆ ಕಂಡಿಲ್ಲ.

ಇನ್ನು ನಮ್ಮ ಎದುರುಮನೆಯ, ಓಣಿಗೆಲ್ಲ ಚಿಕ್ಕಮ್ಮನಂತಿರುವ ಸಿದ್ದಲಿಂಗವ್ವ ಕಾಕು ಅವರ ವಿಷಯ. ಯಾವ ಊರು, ಯಾರ ಪೈಕಿ, ಯಾರ ಮನೆಗೆ ಎಂದು ಹೇಳದೆ ಹೊಸಬರಾರೂ ಅವರ ಕಟ್ಟೆ ದಾಟುವಂತಿಲ್ಲ. ಊರಿಗೆ ಹೊರಟವರು "ಮನಿ ಕಡೆ ಲಕ್ಷ್ಯ ಇರ್ಲಿ ಕಾಕು" ಎಂದು ಅವರಿಗೊಂದು ಮಾತು ಹೇಳಿ ಹೋಗುವುದು ನಮ್ಮ ಓಣಿಯ ರೂಢಿ. ಅವರೂ ಅತ್ತೆಯವರೂ ಒಂದೇ ವರ್ಷ ಇಲ್ಲಿಗೆ ಸೊಸೆಯರಾಗಿ ಬಂದವರು. ಮಧ್ಯಾಹ್ನವಾದರೆ ನಮ್ಮ ಪಡಸಾಲೆಯಲ್ಲಿ ಇಬ್ಬರೂ ಎಲೆ-ಅಡಿಕೆ ಹಾಕಿಕೊಂಡು ಮಾತಿಗೆ ಕೂಡುತ್ತಿದ್ದರು. ಬಾಗಿಲು ಕೂಡಿಸಿದ ಮರುದಿನವೂ ಕಾಕು ಬಂದರು, ಮತ್ತು ತಮ್ಮ ಬಾಗಿಲು ಅವರ ಹೆಸರು, ಕೆಲಸ ಕೇಳಿತು. "ಈ ಓಣ್ಯಾಗ ಬಂದವ್ರನ್ನ ಕೇಳಾಕಿ ನಾನು. ನನ್ನ ಕೇಳಾಕ ಇದ್ಯಾರು?" ಎಂದವರೇ ತಿರುಗಿ ಹೋದರು. ನಾನು ಹೋಗಿ ಕರೆದರೂ ಬರಲಿಲ್ಲ. ಅತ್ತೆಯವರು ಕಾಕುವಿನ ಪಾಲಿನ ಎಲೆಯನ್ನೂ ಮಡಚಿಟ್ಟುಕೊಂಡು, ಜಾಳಿಗೆಯ ಒಳಗಿನಿಂದ ಎದುರಿನ ಕಟ್ಟೆಯನ್ನು ನೋಡುತ್ತ ಕುಳಿತಿರುತ್ತಿದ್ದರು.

ಹೀಗಿರಲು ನಾವೆಲ್ಲರೂ ಸೊರಡಿಗೆ ಮದುವೆಗೆ ಹೊರಟೆವು. ಕಾಕುವಿಗೆ ಹೇಳಿ ಬರುತ್ತೇನೆ ಎಂದರೆ ಯಜಮಾನರು, "ಬಾಗಲಾ ಐತಲ್ಲ, ಅವರಿಗ್ಯಾಕ ತ್ರಾಸ?" ಎಂದರು. ಸಂಜೆ ಬಂದು ನೋಡಿದರೆ ಗೋಡೆಯಲ್ಲಿ ಬೋಲ್ಟಿನ ತೂತುಗಳಿದ್ದವು, ಒಳಗಿನ ಹಳೆಯ ಕಟ್ಟಿಗೆಯ ಬಾಗಿಲು ಹಾಗೆಯೇ ಇತ್ತು, ತಮ್ಮ ಬಾಗಿಲಿರಲಿಲ್ಲ. ತಾವು ಹೆಮ್ಮೆಪಡಬೇಕಾದ ಸಂಗತಿಯೆಂದರೆ ಬೀಗವನ್ನು ಯಾರಿಂದಲೂ ಒಡೆಯಲಾಗಿಲ್ಲ. ಬಾಗಿಲು ಬೀಗ ಹಾಕಿಕೊಂಡೇ ಹೋಗಿದೆ.

ನಾವು ಬಾಯಿ ತೆರೆದು ನಿಂತಿರುವಾಗ ಕಾಕು ಓಣಿ ದಾಟಿ ಬಂದು ಅತ್ತೆಯವರ ಕೈ ಹಿಡಿದರು. "ಚಲೋ ಮಾಡಿದ್ರಿ ಗೌರವ್ವ! ನನ್ನ ಸಲುವಾಗಿ ಬಾಗಲಾ ಹೊಳ್ಳಿ ಕಳಿಸಿದ್ರಿ, ನನಗ ಒಂದ್ ಮಾತ್ ಹೇಳೂ ಇಲ್ಲ." ಅಂದು ಬಾಗಿಲು ಕೂಡಿಸಿದ ಇಬ್ಬರೇ ಟೆಂಪೋ ತಂದು, ಕಂಪನಿಗೆ ಹೊಳ್ಳಿ ಒಯ್ಯುತ್ತೇವೆಂದು ಹೇಳಿ ಬಿಚ್ಚಿದರಂತೆ. ಗುರುತಿನವರೆಂದು ಕಾಕು ಕುಡಿಯಲು ನೀರು ಕೊಟ್ಟು, ಅವರೆದುರು ಬಾಗಿಲನ್ನು ಮನಸಾರೆ ಬೈದರಂತೆ. ಆಮೇಲೆ ಅವರು ಒಳಬಾಗಿಲನ್ನೂ ದೂಡಿ ನೋಡಿದಾಗ, "ಬಾಗಲಾ ಒಯ್ಯಾಕ ಬಂದವ್ರಿಗೆ ಒಳಗೇನ ಕೆಲಸ?" ಎಂದು ಜೋಳ ಕೇರುತ್ತಿದ್ದ ಮರವನ್ನು ಹಿಡಿದುಕೊಂಡೇ ಎದ್ದು ಬಂದರಂತೆ. ಇಬ್ಬರೂ ಟೆಂಪೋ ಏರಿ ಲಗುಬಗೆಯಿಂದ ಹೋದರಂತೆ. ತಮ್ಮ ಬಾಗಿಲೂ ಅವರ ಹೆಸರು, ಕೆಲಸ ಕೇಳುತ್ತಲೇ ಇತ್ತೆಂದು ಕಾಕು ಹೇಳಿದರು.

ಯಜಮಾನರು ಏನೋ ಹೇಳಹೊರಟರು. ಅತ್ತೆಯವರು ಅವರ ತೋಳು ಚಿವುಟಿ, "ಹೌದ ಸಿದ್ದಲಿಂಗಿ, ನಿನ್ನಕಿಂತ ಬಾಗಲಾ ಹೆಚ್ಚೇನ?" ಎಂದರು. ಅವರು ಸುಳ್ಳಾಡಿದ್ದನ್ನು ನಾನು ಮೊದಲ ಸಲ ಕೇಳಿದೆ. ಮರುದಿನ ಮಧ್ಯಾಹ್ನ ಕಾಕು ಶೇಂಗಾ ಹೋಳಿಗೆ ಕಟ್ಟಿಕೊಂಡು ಬಂದು ಪಡಸಾಲೆಯ ಎಂದಿನ ಜಾಗದಲ್ಲಿ ಕುಳಿತರು.

ಫೋನಿನಲ್ಲಿ ತಮ್ಮ ಕಚೇರಿಯವರು, ತಾವು ಯಾರನ್ನೂ ಕಳಿಸಿಲ್ಲವೆಂದೂ, ಬೀಗ ಕೆಟ್ಟರೆ ಮಾತ್ರ ಗ್ಯಾರಂಟಿಯೆಂದೂ, ಬಾಗಿಲೇ ಹೋದರೆ ಇಲ್ಲವೆಂದೂ ತಿಳಿಸಿದರು. ಬಹಳ ಸಂತೋಷ. ಪೊಲೀಸರಿಗೆ ನಾವು ದೂರು ಕೊಡುವಂತಿಲ್ಲ; ಕೊಟ್ಟರೆ ಸಾಕ್ಷಿ ಕೇಳಲು ಅವರು ಕಾಕುವಿನ ಕಟ್ಟೆಗೇ ಬರುತ್ತಾರೆ. ಆದ್ದರಿಂದ ತಮ್ಮಲ್ಲಿ ನನ್ನ ದೂರೂ ಪ್ರಾರ್ಥನೆಯೂ ಇಷ್ಟೇ: ದಯವಿಟ್ಟು ನಮ್ಮ ಬಾಗಿಲನ್ನು ಹುಡುಕಬೇಡಿ. ಅದಾಗಿಯೇ ತಮ್ಮ ಮಳಿಗೆಗೆ ಬಂದರೆ ಹೆಸರು, ಕೆಲಸ ಕೇಳಿ ಅಲ್ಲಿಯೇ ಇಟ್ಟುಕೊಳ್ಳಿ. ಮುಂದೆಂದಾದರೂ ತಾವು ಕಾಕು ಅವರಂಥದೊಂದನ್ನು ತಯಾರಿಸಿದರೆ ತಿಳಿಸಿ, ಗಾಳಿ ಬರುತ್ತದೆಯೋ ಇಲ್ಲವೋ ಎಂದು ಕೇಳದೆ ಕೊಳ್ಳುತ್ತೇವೆ.

ಕೀಲಿಕೈಯನ್ನು ಇನ್ನೂ ಸೊಂಟದಲ್ಲಿಟ್ಟುಕೊಂಡಿರುವ,
ತಮ್ಮ ವಿಶ್ವಾಸಿ,
ವಿದ್ಯಾವತಿ

ತಾ.ಕ.: ಕಾಕು ಕಲಿತದ್ದು ಮರಾಠಿ ಶಾಲೆಯಲ್ಲಿ, ಕನ್ನಡ ಅಕ್ಷರ ಅವರಿಗೆ ಬಾರದು; ಅದಕ್ಕೆಂದೇ ಈ ಬಹಿರಂಗ ಪತ್ರವನ್ನು ಕನ್ನಡದಲ್ಲಿ ಬರೆದಿದ್ದೇನೆ, ಓದಿ ಹೇಳಬಾರದೆಂದು ಓಣಿಯವರಿಗೆಲ್ಲ ಕೈಮುಗಿದಿದ್ದೇನೆ. ತಮ್ಮ ಕಚೇರಿಯಲ್ಲಿಯೂ ಕನ್ನಡ ಬಲ್ಲವರಿಲ್ಲದಿದ್ದರೆ ಆ ಇಬ್ಬರು ಕೆಲಸಗಾರರಿಂದಲೇ ಓದಿಸಿಕೊಳ್ಳಬೇಕಾಗಿ ವಿನಂತಿ. ಅವರ ಕನ್ನಡ ಭಾಳ ಚಲೋ ಇದೆಯೆಂದು ಕಾಕು ಹೇಳುತ್ತಾರೆ.