ಮಾಡು ನೋಡಿ ತೆರಿಗೆ

ಪಂಚಾಯತಿನ ಬಿಲ್ ಕಲೆಕ್ಟರನಾಗಿ ಮನೆಮನೆ ಅಲೆದವನಿಗೆ ನಗುವಿಗೆ ಬರಗಾಲವಿಲ್ಲ. ಗೇಟು ದಾಟಿದರೆ ಸಾಕು, ಒಂದಲ್ಲ ಒಂದು ನಡೆದೇ ನಡೆಯುತ್ತದೆ. ಈಗ ನೆನೆದರೂ ನಗು ಬರುತ್ತದೆ, ಜತೆಗೆ ಹಲ್ಲು ಕಡಿಯುವಷ್ಟು ಸಿಟ್ಟೂ ಬರುತ್ತದೆ. ನಮ್ಮದು ಹಾಲಾಡಿಯಿಂದ ಒಳಗಿನ ಒಂದು ಪಂಚಾಯತು. ಹೆಸರು ಬೇಡ, ಇನ್ನೂ ಅದೇ ಊರಿನ ನೀರು ಕುಡಿಯುತ್ತಿದ್ದೇನೆ.

೧. ಎರಡು ಸಾಲು ಹಂಚು

ಆಗ ನಮ್ಮಲ್ಲಿ ಮನೆ ತೆರಿಗೆ ಹಾಕುತ್ತಿದ್ದದ್ದು ಮನೆಯ ಮಾಡು, ಅಂದರೆ ಸೂರು ನೋಡಿ. ಸೋಗೆಗೆ ಕಮ್ಮಿ, ಹಂಚಿಗೆ ಸ್ವಲ್ಪ ಹೆಚ್ಚು, ತಾರಸಿಗೆ ಎಲ್ಲಕ್ಕಿಂತ ಹೆಚ್ಚು. ಮುಂಬೈಯಲ್ಲಿ ಹೋಟೆಲು ನಡೆಸಿ ಬಂದ ಧಣಿಯೊಬ್ಬರು ಊರಲ್ಲಿ ದೊಡ್ಡ ತಾರಸಿ ಮನೆ ಕಟ್ಟಿದರು. ನಾನು ನೋಡಲು ಹೋದರೆ, ತಾರಸಿಯ ಮೇಲೆ ರಸ್ತೆಗೆ ಕಾಣುವ ಬದಿಯಲ್ಲಿ ಮಾತ್ರ ಎರಡು ಸಾಲು ಹಳೇ ಹಂಚು ಹೊದೆಸಿದ್ದರು.

"ಹ್ವಾಯ್, ಎಂತ ಕಾಂತ್ರಿ? ಹಂಚಿನ ಮನಿ ಅಂದೇಳಿ ಬರ್ಕಣಿ."

"ಧಣಿ, ಹಂಚಿನ್ ಅಡಿಗೆ ಕಾಂಕ್ರೀಟ್ ಇತ್ತಲ್ದಾ?"

"ನೀವ್ ಬಂದದ್ ಮಾಡ್ ಕಾಂಬುಕಾ, ಅಡಿ ಕಾಂಬುಕಾ?"

ಕಾರ್ಯದರ್ಶಿಗಳಿಗೆ ದೂರು ಕೊಟ್ಟೆ. ಅವರು ಆ ಮನೆಯ ಗೃಹಪ್ರವೇಶದ ಊಟ ಉಂಡವರು. "ಹಂಚ್ ಕಂಡ್ರೆ ಹಂಚೇ ಮಾರಾಯಾ" ಎಂದು ನನ್ನ ಬಾಯಿ ಮುಚ್ಚಿಸಿದರು.

ಅದೇ ವಾರ, ಗೇರುಬೀಜದ ಕಾರ್ಖಾನೆಗೆ ಹೋಗುವ ಹೆಂಗಸೊಬ್ಬಳು ಬಚ್ಚಲಿಗೆ ಚೋಟುದ್ದದ ಸ್ಲ್ಯಾಬ್ ಹಾಕಿಸಿದ್ದಕ್ಕೆ ಅವಳದ್ದು ತಾರಸಿ ಮನೆಯೆಂದು ಅದೇ ಕಾರ್ಯದರ್ಶಿಗಳು ಬರೆಸಿದರು. ರಶೀದಿ ಕೊಡಲು ಹೋದ ನನ್ನ ಮುಖ ನೋಡಿ ಅವಳೆಂದಳು, "ಹಾಂಗಾರ್ ಇನ್ ಬಚ್ಚಲಲ್ಲೇ ಮಲ್ಕಂತೆ. ತಾರಸಿ ಮನಿ ಸುಖ ಕಾಣ್ಕಲ್ದಾ?"

೨. ಕೊಡೆಯಡಿಯ ನಿರ್ಣಯ

ನಮ್ಮೂರ ಶಾಲೆಯ ಮೂರನೇ ಕ್ಲಾಸಿನ ಮಾಡು ಸೋರುತ್ತಿತ್ತು. ನನ್ನ ಮಗಳು ಅದೇ ಕ್ಲಾಸು. ತೆರಿಗೆ ದುಡ್ಡಿನಲ್ಲಿ ನಾಲ್ಕು ಹಂಚು ಹೊದೆಸಿ ಕೊಡಿ ಎಂದು ಹೆಡ್ ಟೀಚರ್ ಗ್ರಾಮಸಭೆಯಲ್ಲಿ ಕೈಮುಗಿದರು. ಸಭೆ ನಡೆದದ್ದೂ ಅದೇ ಕೋಣೆಯಲ್ಲಿ, ಆಟಿ ತಿಂಗಳ ಮಳೆಯಲ್ಲಿ.

ಪಂಚಾಯತಿನಲ್ಲಿ ದುಡ್ಡಿಲ್ಲ, ಮನೆ ತೆರಿಗೆ ಸ್ವಲ್ಪ ಏರಿಸಿದರೆ ಮಾಡಬಹುದು ಎಂದರು ಅಧ್ಯಕ್ಷರು. ಧಣಿ ಎದ್ದು ನಿಂತರು. "ತೆರ್ಗಿ ಏರ್ಸುಕಾಗ! ಬಡವ್ರ್ ಎಲ್ ಹೋಪುದ್?"

ಚಪ್ಪಾಳೆಯೋ ಚಪ್ಪಾಳೆ. ಅಷ್ಟರಲ್ಲಿ ಅವರ ಬೋಳುತಲೆಗೆ ಒಂದು ಹನಿ ಬಿತ್ತು. ಕುರ್ಚಿ ಆಚೆಗೆಳೆದರು, ಅಲ್ಲೂ ಬಿತ್ತು. ಕೊನೆಗೆ ಕೊಡೆ ಬಿಡಿಸಿಕೊಂಡು, ಬಡವರ ಕಷ್ಟವನ್ನು ಇನ್ನೂ ಅರ್ಧ ಗಂಟೆ ವಿವರಿಸಿದರು. ಸಭೆ ಸರ್ವಾನುಮತದಿಂದ ಒಂದು ನಿರ್ಣಯ ಮಾಡಿತು: ಇನ್ನು ಮುಂದೆ ಮಳೆಗಾಲದಲ್ಲಿ ಗ್ರಾಮಸಭೆ ಕರೆಯಬಾರದು.

೩. ಮಗಳ ಕ್ಲಾಸು

ಮಳೆ ಬಂದ ದಿನ ಟೀಚರ್ ಮೂರನೆಯವರನ್ನು ಎರಡನೆಯವರ ಕೋಣೆಯಲ್ಲಿ ಕೂರಿಸುತ್ತಿದ್ದರು. ಒಂದು ದಿನ ಮಗಳನ್ನು ಕೇಳಿದೆ, "ಎಂತ ಕಲ್ತೆ ಮಗಾ?"

"ಅಪ್ಪಯ್ಯ, ನಾನ್ ಬೇಸ್ಗಿಯಲ್ ಮಾತ್ರ ಮೂರ್ನೇ ಕ್ಲಾಸ್."

ನಕ್ಕೆ. ಬರಬರುತ್ತಾ ಉಳಿದವರು ಒಬ್ಬೊಬ್ಬರೇ ಮಕ್ಕಳನ್ನು ಇಂಗ್ಲಿಷ್ ಮೀಡಿಯಂ ವ್ಯಾನು ಹತ್ತಿಸಿದರು. ಪಂಚಾಯತಿನವನೇ ಮಗಳನ್ನು ಬಿಡಿಸಿದರೆ ಊರವರು ಎಂತ ಹೇಳಿಯಾರು ಎಂದು ನಾನು ಅವಳನ್ನು ಅಲ್ಲೇ ಇಟ್ಟೆ. ಏಳನೆಯ ಕ್ಲಾಸು ಮುಗಿಸುವಾಗ ಅವಳ ಕ್ಲಾಸಿನಲ್ಲಿದ್ದದ್ದು ಅವಳೊಬ್ಬಳೇ. ಮೊದಲ ಸ್ಥಾನ ಬಂತು.

೪. ಪೂರ ಹಂಚಿನ ಮನೆ

ಮಕ್ಕಳಿಲ್ಲವೆಂದು ಕೆಲವು ವರ್ಷಗಳಲ್ಲಿ ಶಾಲೆ ಮುಚ್ಚಿತು. ಕಟ್ಟಡ ಬೀಳುವ ಮೊದಲು ಅದರ ಹಂಚು, ಹಂಚಿನಡಿಯ ಪಕ್ಕಾಸಿನ ಮರ ಏಲಂ ಹಾಕಿದರು. ಅಗ್ಗಕ್ಕೆ ಹಿಡಿದವರು ನಮ್ಮ ಧಣಿ. "ಊರ ಸೊತ್ತ್ ಹಾಳಾಪುಕಾಗ" ಎಂದು ಎರಡು ಲಾರಿ ತುಂಬಿಸಿಕೊಂಡು ಹೋದರು.

ಮರುವರ್ಷ ಮಳೆಗಾಲದಲ್ಲಿ ತೆರಿಗೆಗೆ ಹೋದಾಗ ಧಣಿ ನನ್ನನ್ನು ಕೈಹಿಡಿದು ತಾರಸಿಗೆ ಹತ್ತಿಸಿದರು. ತಾರಸಿಯಿಡೀ ಮಾಡು. ನನ್ನ ಮಗಳ ಶಾಲೆಯ ಪಕ್ಕಾಸು, ನನ್ನ ಮಗಳ ಶಾಲೆಯ ಹಂಚು. ಅಡಿಯಲ್ಲಿ ಅವರ ಕೊಬ್ಬರಿ ರಾಶಿ.

"ಅವತ್ತ್ ಎರಡೇ ಸಾಲ್ ಅಂದೇಳಿ ನೀವ್ ಸಂಶಯ ಮಾಡ್ದ್ರಿ. ಈಗ ಕಾಣಿ, ಪೂರ ಹಂಚಿನ ಮನಿ!"

ಪುಸ್ತಕ ತೆಗೆದು 'ಹಂಚು' ಎಂದು ಬರೆಯಲು ಪೆನ್ನು ಊರಿದೆ. ಆಗಲೇ ಮಳೆ ಹೊಯ್ಯಿತು. ಒಂದು ಹನಿ ಕೊಬ್ಬರಿಯ ಮೇಲೆ, ಇನ್ನೊಂದು ಸೀದಾ ಧಣಿಯ ಬೋಳುತಲೆಯ ಮೇಲೆ. ಅವರು ಮೇಲೆ ನೋಡಿದರು. ಒಡೆದ ಹಂಚುಗಳನ್ನು ಒಂದೊಂದಾಗಿ ನೋಡಿದರು. ಮುಖ ಕೆಂಪಾಯಿತು.

"ಹ್ವಾಯ್, ಎಂತ ಮಾರಾಯ್ರೆ ಇದ್? ಶಾಲಿ ಇಪ್ಪತಿಗೇ ಇದನ್ನ್ ರಿಪೇರಿ ಮಾಡ್ಸುಕಾತಿರ್ಲಿಲ್ಯಾ ನಿಮ್ಗೆ? ನಾವ್ ಕಟ್ಟಿದ್ ತೆರ್ಗಿ ಎಲ್ಲ ಎಲ್ ಹೋತ್ತ್?"